ಟೆಲಿಫೋನ್ ತಂತಿಯಲ್ಲಿ ಬಂದ ಇಂಟರ್‌ನೆಟ್: ಹಳೆಯ ಕಂಪ್ಯೂಟರ್ ಉಳಿಸಿಕೊಂಡಿರುವ ಸದಸ್ಯರಿಗೆ



ಕಳೆದ ಅಡಿಕೆ ಕೊಯ್ಲಿನ ಸಮಯದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದು ಒಂದು ಪ್ರಶ್ನೆಯನ್ನಿಟ್ಟರು. ಅವರ ಮನೆಯ ಅಟ್ಟದ ಮೇಲೆ ವಿಂಡೋಸ್ 98ರ ಕಾಲದ ಕಂಪ್ಯೂಟರ್ ಒಂದಿದೆ. 1999ರಿಂದ 2011ರವರೆಗಿನ ಮಳೆಯ ಲೆಕ್ಕ, ಆಳುಗಳ ಹಾಜರಿ, ಕಾಫಿ ಫಸಲಿನ ವಿವರ ಎಲ್ಲವೂ ಅದರ ಹೊಟ್ಟೆಯೊಳಗಿದೆ. ಗೋಡೆಯ ಮೇಲೆ ಹಳೆಯ ಟೆಲಿಫೋನ್ ತಂತಿಯೂ ಹಾಗೆಯೇ ಇದೆ. "ಸೆಕ್ರೆಟರಿಯವರೇ, ಮೊದಲಿನಂತೆ ಆ ತಂತಿಯನ್ನೇ ಸಿಕ್ಕಿಸಿ, ಇಂಟರ್‌ನೆಟ್ ಹಿಡಿದು, ಲೆಕ್ಕವನ್ನೆಲ್ಲ ಬೆಂಗಳೂರಿನ ಮಗನಿಗೆ ಕಳಿಸಬಹುದಲ್ಲವೇ?" ಎಂದು ಕೇಳಿದರು.

ಆಗುತ್ತದೆ ಅಥವಾ ಆಗದು ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ನಮಗೆ ಸರಿಯೆನಿಸಲಿಲ್ಲ. ಇಂತಹ ಪೆಟ್ಟಿಗೆಗಳು ಇನ್ನೂ ಹಲವು ಸದಸ್ಯರ ಮನೆಗಳಲ್ಲಿವೆ. ಆದ್ದರಿಂದ ಆ ಸಂಪರ್ಕ ಹೇಗೆ ನಡೆಯುತ್ತಿತ್ತು, ಹೇಗೆ ಜೋಡಿಸುತ್ತಿದ್ದೆವು, ಇಂದು ಅದರಿಂದ ಏನು ಸಾಧ್ಯ ಎಂಬುದನ್ನು ಇಲ್ಲಿ ಕ್ರಮವಾಗಿ ತಿಳಿಸುತ್ತಿದ್ದೇವೆ.

ತಂತಿಯಲ್ಲಿ ನಡೆಯುತ್ತಿದ್ದುದೇನು?

ಟೆಲಿಫೋನ್ ತಂತಿಯ ವ್ಯವಸ್ಥೆ ಹುಟ್ಟಿದ್ದು ಮನುಷ್ಯನ ಮಾತನ್ನು ಸಾಗಿಸುವುದಕ್ಕೆ. ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ಧ್ವನಿಯನ್ನು ಮಾತ್ರ ಅದು ದಾಟಿಸುತ್ತದೆ. ಮಾತು ತಿಳಿಯಲು ಅಷ್ಟು ಸಾಕು. ಆದರೆ ಕಂಪ್ಯೂಟರ್ ಬಲ್ಲದ್ದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳನ್ನು. ಆ ಅಂಕೆಗಳನ್ನು ಧ್ವನಿಯಾಗಿ ಮಾರ್ಪಡಿಸಿ ತಂತಿಗೆ ಬಿಡುವುದು, ಆ ಕಡೆಯಿಂದ ಬಂದ ಧ್ವನಿಯನ್ನು ಮತ್ತೆ ಅಂಕೆಗಳಾಗಿ ಬಿಡಿಸಿಕೊಳ್ಳುವುದು, ಈ ಎರಡು ಕೆಲಸವನ್ನು ಮಾಡುವ ಉಪಕರಣವೇ ಮೋಡೆಮ್.

ಕಣಿವೆಯ ಆಚೆ ಬದಿಯ ತೋಟದವರನ್ನು ಕರೆಯಬೇಕಾದರೆ ನಾವು ಮೊದಲು ಒಂದು ಕೂ ಹಾಕುತ್ತೇವೆ. ಅವರು ತಿರುಗಿ ಕೂ ಹಾಕಿದ ಮೇಲೆ, ಗಾಳಿ ಯಾವ ಕಡೆಗಿದೆ, ಎಷ್ಟು ಗಟ್ಟಿಯಾಗಿ ಕೂಗಬೇಕು ಎಂದು ನೋಡಿಕೊಂಡು ಮಾತು ಆರಂಭಿಸುತ್ತೇವೆ. ಮೋಡೆಮ್ ಮಾಡುತ್ತಿದ್ದುದೂ ಅದನ್ನೇ. ನಂಬರು ತಿರುಗಿಸಿದ ಬಳಿಕ ಕೇಳುತ್ತಿದ್ದ ಆ ಕೀರಲು, ಗೊರಗೊರ ಸದ್ದು ಅನೇಕರಿಗೆ ನೆನಪಿರಬಹುದು. ಅದು ಎರಡು ಮೋಡೆಮ್‌ಗಳು ತಂತಿಯ ಗುಣವನ್ನು ಅಳೆದು, ಯಾವ ವೇಗದಲ್ಲಿ ಮಾತಾಡಬಹುದು ಎಂದು ಒಪ್ಪಂದ ಮಾಡಿಕೊಳ್ಳುವ ಸದ್ದು.

ಪೆಟ್ಟಿಗೆಯ ಮೇಲೆ 56 ಕೆ ಎಂದು ಅಚ್ಚಾಗಿರುತ್ತಿತ್ತು. ಸೆಕೆಂಡಿಗೆ 56,000 ಅಂಕೆಗಳು ಎಂದರ್ಥ. ತೋಟದ ಮನೆಗಳಲ್ಲಿ ನಮಗೆ 28,800 ಸಿಕ್ಕಿದರೆ ಅದೇ ಸುದಿನ. ಆ ವೇಗದಲ್ಲಿ ಒಂದು ಮೆಗಾಬೈಟ್ ಇಳಿಯಲು ಸುಮಾರು 5 ನಿಮಿಷ ಬೇಕು. ಇಂದು ಮೊಬೈಲಿನಲ್ಲಿ ತೆಗೆಯುವ 3 ಮೆಗಾಬೈಟಿನ ಒಂದು ಚಿತ್ರಕ್ಕೆ ಕಾಲು ಗಂಟೆ.

ನಮಗೇಕೆ ಬೇಕಾಯಿತು?

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ, ದೊಡ್ಡ ನಗರಗಳಲ್ಲಿ. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಅನುಮತಿ ಸಿಕ್ಕಿತು. ನಮ್ಮಂಥ ಊರುಗಳಿಗೆ ಅದು ಎಟುಕಿದ್ದು, 172 ಎಂದು ಆರಂಭವಾಗುವ ಸಂಖ್ಯೆಗೆ ಸ್ಥಳೀಯ ಕರೆಯ ದರದಲ್ಲಿಯೇ ಕರೆ ಮಾಡುವ ಸೌಲಭ್ಯ ಬಂದ ಮೇಲೆ.

ಅದೇ ವರ್ಷಗಳಲ್ಲಿ ಕಾಫಿಯ ಮಾರಾಟದ ರೀತಿಯೂ ಬದಲಾಯಿತು. ಮೊದಲು ಕಾಫಿ ಮಂಡಳಿಯ ಪೂಲ್‌ಗೆ ಹಾಕಿದರೆ ನಮ್ಮ ಕೆಲಸ ಮುಗಿಯುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಆ ಕಟ್ಟು ಸಡಿಲಿ, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಅಲ್ಲಿಂದ ಮುಂದೆ ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆಯ ಧಾರಣೆಯನ್ನು ತಿಳಿಯುವ ಹೊಣೆ ನಮ್ಮ ಹೆಗಲಿಗೇ ಬಿತ್ತು. ಮೋಡೆಮ್ ನಮಗೆ ಶೋಕಿಯ ವಸ್ತುವಾಗಿರಲಿಲ್ಲ.

ಜೋಡಿಸುತ್ತಿದ್ದ ಕ್ರಮ

1. ಮೋಡೆಮ್ ಕಂಪ್ಯೂಟರಿನ ಒಳಗೇ ಕೂರುವ ಹಲಗೆಯಾಗಿರಬಹುದು, ಇಲ್ಲವೇ ಹೊರಗಿಡುವ ಪೆಟ್ಟಿಗೆಯಾಗಿರಬಹುದು. ಹೊರಗಿನದಾದರೆ ಹಿಂಬದಿಯ ಸೀರಿಯಲ್ ಪೋರ್ಟಿಗೆ ಕೇಬಲ್ ಜೋಡಿಸಿ ತಿರುಪು ಬಿಗಿಯಬೇಕು.

2. ಗೋಡೆಯಿಂದ ಬರುವ ಟೆಲಿಫೋನ್ ತಂತಿಯನ್ನು ಮೋಡೆಮ್‌ನ 'ಲೈನ್' ಎಂಬ ತೂತಿಗೂ, ಟೆಲಿಫೋನನ್ನು 'ಫೋನ್' ಎಂಬ ತೂತಿಗೂ ಸಿಕ್ಕಿಸಬೇಕು. ಇದನ್ನು ಅದಲುಬದಲು ಮಾಡಿ ಅರ್ಧ ದಿನ ಕಳೆದವರು ನಮ್ಮಲ್ಲಿ ಕಡಮೆಯಿಲ್ಲ.

3. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್ಸ್ ತೆರೆದು, ಮೋಡೆಮ್‌ನೊಡನೆ ಬಂದ ಸಿ.ಡಿ.ಯಿಂದ ಅದರ ಡ್ರೈವರ್ ಹಾಕಬೇಕು. ಅಲ್ಲಿಯೇ ಡಯಾಗ್ನಾಸ್ಟಿಕ್ಸ್ ಒತ್ತಿದರೆ ಮೋಡೆಮ್ ಉತ್ತರ ಕೊಡುತ್ತದೆಯೇ ಎಂದು ತಿಳಿಯುತ್ತದೆ. ಉತ್ತರ ಬಂದರೆ ಕಂಪ್ಯೂಟರ್ ಮತ್ತು ಮೋಡೆಮ್ ನಡುವೆ ದೋಷವಿಲ್ಲವೆಂದು ತಿಳಿಯಬೇಕು.

4. ಟೋನ್ ಅಥವಾ ಪಲ್ಸ್ ಎಂಬುದನ್ನು ಆರಿಸಬೇಕು. ಹಳೆಯ ಹಳ್ಳಿ ಎಕ್ಸ್‌ಚೇಂಜುಗಳಿಗೆ ಪಲ್ಸ್, ಹೊಸವಕ್ಕೆ ಟೋನ್.

5. ಮೈ ಕಂಪ್ಯೂಟರ್ ತೆರೆದು, ಡಯಲ್-ಅಪ್ ನೆಟ್‌ವರ್ಕಿಂಗ್‌ನಲ್ಲಿ ಮೇಕ್ ನ್ಯೂ ಕನೆಕ್ಷನ್ ಒತ್ತಿ, ಸಂಸ್ಥೆ ಕೊಟ್ಟ ದೂರವಾಣಿ ಸಂಖ್ಯೆಯನ್ನು ತುಂಬಬೇಕು. ಸ್ಥಳೀಯ ಸಂಖ್ಯೆಯಾದ್ದರಿಂದ ಏರಿಯಾ ಕೋಡ್ ಬಳಸುವ ಗುರುತನ್ನು ತೆಗೆಯಬೇಕು.

6. ಬಳಕೆದಾರರ ಹೆಸರು, ಗುಟ್ಟಿನ ಪದ ಬರೆದು ಕನೆಕ್ಟ್ ಒತ್ತಬೇಕು. ಗುಟ್ಟಿನ ಪದದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವುಂಟು.

7. ಕಾಲ್ ವೇಟಿಂಗ್ ಸೌಲಭ್ಯವಿದ್ದರೆ ಮೊದಲೇ ನಿಲ್ಲಿಸಿರಬೇಕು. ಇಲ್ಲವಾದರೆ ನಡುವೆ ಯಾರೋ ನೆಂಟರು ಕರೆ ಮಾಡಿದಾಗಿನ ಒಂದು 'ಬೀಪ್' ಸದ್ದಿಗೆ ಸಂಪರ್ಕ ಕಡಿದುಹೋಗುತ್ತಿತ್ತು.

ನಾವು ದಂಡ ತೆತ್ತು ಕಲಿತ ಪಾಠ

2000ದ ಏಪ್ರಿಲ್ ತಿಂಗಳು. ರೊಬಸ್ಟಾ ಒಣಗಿ ಚೆರಿಯ 40 ಚೀಲಗಳು ನಮ್ಮ ಗೋದಾಮಿನಲ್ಲಿದ್ದವು. ಧಾರಣೆ ದಿನೇ ದಿನೇ ಜಾರುತ್ತಿತ್ತು. ಒಂದು ರಾತ್ರಿ ಗುಡುಗು ಸಹಿತ ಮಳೆ ಬಂತು. ಮರುದಿನದಿಂದ ಇಂಟರ್‌ನೆಟ್ ನಿಲ್ಲಲಿಲ್ಲ. ಮೋಡೆಮ್ ಕೂಗುತ್ತಿತ್ತು, 19,200ಕ್ಕೆ ಹಿಡಿಯುತ್ತಿತ್ತು, ಅರ್ಧ ನಿಮಿಷಕ್ಕೆ ಬಿಟ್ಟುಬಿಡುತ್ತಿತ್ತು.

ಟೆಲಿಫೋನಿನಲ್ಲಿ ಮಾತು ಕೇಳಿಸುತ್ತಿದ್ದುದರಿಂದ ತಂತಿ ಸರಿಯಿದೆ ಎಂದು ನಾವು ತೀರ್ಮಾನಿಸಿಬಿಟ್ಟೆವು. ದೋಷ ಕಂಪ್ಯೂಟರಿನದೇ ಎಂದು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆವು. ಪೇಟೆಯಿಂದ ಮೆಕ್ಯಾನಿಕ್ ಕರೆಸಿದೆವು. ಎಕ್ಸ್‌ಚೇಂಜಿಗೆ ಹೋಗಿ ಜಗಳವಾಡಿಯೂ ಬಂದೆವು. ಈ ನಡುವೆ ವ್ಯಾಪಾರಿಯೊಬ್ಬರು ಮನೆಗೆ ಬಂದು, ಮಾರುಕಟ್ಟೆ ಮತ್ತೆ ಇಳಿದಿದೆ ಎಂದು ಒಂದು ಬೆಲೆ ಹೇಳಿದರು. ತಂತಿ ಕೆಟ್ಟ ಸುದ್ದಿ ತಿಳಿದು ನಮ್ಮನ್ನು ಮೋಸಗೊಳಿಸಲು ಬಂದಿದ್ದಾರೆಂದು ಅನುಮಾನಿಸಿ ಬರಿಗೈಯಲ್ಲಿ ಕಳಿಸಿದೆವು.

ಒಂಬತ್ತನೆಯ ದಿನ ಅಡಿಕೆ ತೋಟದಲ್ಲಿ ಓಡಾಡುವಾಗ ದೋಷ ಸಿಕ್ಕಿತು. ಹಿಂದಿನ ವರ್ಷ ಸೋಗೆ ಬಿದ್ದು ತಂತಿ ತುಂಡಾದಾಗ, ಲೈನ್‌ಮನ್ ಬರುವವರೆಗೆ ಕಾಯದೆ ನಾವೇ ತಿರುಚಿ ಟೇಪು ಸುತ್ತಿದ್ದ ಗಂಟು ಅದು. ಒಳಗೆ ನೀರಿಳಿದು ಹಸುರು ಕಿಲುಬು ಹಿಡಿದಿತ್ತು. ಕೆರೆದು, ಒಣಗಿಸಿ, ಸರಿಯಾಗಿ ಜೋಡಿಸಿದ ಸಂಜೆಯೇ 28,800 ಬಂತು. ಲಂಡನ್ ಧಾರಣೆ ನೋಡಿದರೆ ವ್ಯಾಪಾರಿ ಹೇಳಿದ ಮಾತು ಸತ್ಯವಾಗಿತ್ತು. ಅಷ್ಟರಲ್ಲಿ ಬೆಲೆ ಇನ್ನೂ ಕುಸಿದಿತ್ತು. ಚೀಲವೊಂದಕ್ಕೆ 60 ರೂಪಾಯಿ ಕಡಮೆಗೆ ಅವರಿಗೇ ಮಾರಿದೆವು. ಹೋದ ಹಣಕ್ಕಿಂತ, ನ್ಯಾಯವಾಗಿ ಮಾತಾಡಿದವರನ್ನು ಕಳ್ಳರಂತೆ ಕಂಡೆವಲ್ಲ ಎಂಬುದು ನಮಗೆ ಹೆಚ್ಚು ನಾಚಿಕೆಯ ವಿಷಯವಾಯಿತು.

ಮನುಷ್ಯನ ಕಿವಿ ಕರಕರ ಸದ್ದಿನ ನಡುವೆಯೂ ಮಾತನ್ನು ಆರಿಸಿಕೊಳ್ಳುತ್ತದೆ. ಮೋಡೆಮ್‌ಗೆ ಆ ದಾಕ್ಷಿಣ್ಯವಿಲ್ಲ. ಅಂದು ರಿಸೀವರ್ ಎತ್ತಿ, ಒಂದು ಅಂಕೆ ಒತ್ತಿ, ಸುಮ್ಮನೆ ಅರ್ಧ ನಿಮಿಷ ಆಲಿಸಿದ್ದರೆ ಕರಕರ ಕೇಳಿಸುತ್ತಿತ್ತು. ಸಂಪರ್ಕವೆಂಬುದು ಕೊಂಡಿಗಳ ಸರಪಣಿ. ಬೇರೆಯವರನ್ನು ದೂರುವ ಮೊದಲು ನಮ್ಮ ಕೈಯಳತೆಯ ಕೊಂಡಿಯಿಂದ ಆರಂಭಿಸಿ, ಒಂದೊಂದನ್ನೇ ಪರೀಕ್ಷಿಸುತ್ತ ಹೋಗಬೇಕು. ಇದೇ ಆ ವರ್ಷ ನಾವು ಕಲಿತ ಪಾಠ.

ಇಂದು ಆ ತಂತಿ ನಡೆಯುವುದೇ?

ಈಗ ಹಿರಿಯ ಸದಸ್ಯರ ಪ್ರಶ್ನೆಗೆ ಬರೋಣ. ಹಳೆಯ ಮೋಡೆಮ್ ಕೂ ಹಾಕಬಹುದು, ಆದರೆ ಆಚೆಯಿಂದ ಕೂ ಹಾಕುವವರು ಬೇಕಲ್ಲ! ಅಮೆರಿಕದಲ್ಲಿ ಲಕ್ಷಾಂತರ ಮನೆಗಳಿಗೆ ಈ ಬಗೆಯ ಸಂಪರ್ಕ ಕೊಟ್ಟಿದ್ದ ಎ.ಓ.ಎಲ್. ಸಂಸ್ಥೆಯೇ 2025ರ ಸೆಪ್ಟೆಂಬರ್ 30ರಂದು ಆ ಸೇವೆಯನ್ನು ಮುಚ್ಚಿತು. ನಮ್ಮಲ್ಲಿಯೂ ತಾಮ್ರದ ತಂತಿಯ ಜಾಗಕ್ಕೆ ಫೈಬರ್ ಬರುತ್ತಿದೆ.

ಹೇಗೋ ಸಂಪರ್ಕ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಇಂದಿನ ಬ್ಯಾಂಕು, ಅಂಚೆ, ಸರ್ಕಾರದ ತಾಣಗಳೆಲ್ಲ ಬೀಗ ಹಾಕಿದ ಲಿಪಿಯಲ್ಲಿ ಮಾತಾಡುತ್ತವೆ. ವಿಂಡೋಸ್ 98ರೊಡನೆ ಬಂದ ಬ್ರೌಸರಿನ ಬಳಿ ಆ ಬೀಗದ ಕೈ ಇಲ್ಲ. ಪುಟ ತೆರೆಯುವುದೇ ಇಲ್ಲ. ಅಲ್ಲದೆ ವಿಂಡೋಸ್ 98ಕ್ಕೆ ರಕ್ಷಣೆಯ ತಿದ್ದುಪಡಿಗಳು 2006ರ ಜುಲೈಯಲ್ಲಿಯೂ, ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿಯೂ ನಿಂತುಹೋದವು. ಅಂಥ ಯಂತ್ರವನ್ನು ಇಂಟರ್‌ನೆಟ್ಟಿಗೆ ಒಡ್ಡುವುದು, ಬೇಲಿಯಿಲ್ಲದ ತೋಟಕ್ಕೆ ದನ ಬರಲಾರದೆಂದು ನಂಬಿದಂತೆ. ಆದ್ದರಿಂದ ನಮ್ಮ ಸಲಹೆ ಸ್ಪಷ್ಟ: ಯಂತ್ರವನ್ನು ಸಂಪರ್ಕಿಸಬೇಡಿ, ಒಳಗಿನ ಲೆಕ್ಕವನ್ನು ಹೊರಗೆ ತನ್ನಿ.

ಲೆಕ್ಕವನ್ನು ಉಳಿಸಿಕೊಳ್ಳುವ ಬಗೆ

ಎಷ್ಟೋ ವರ್ಷ ಮುಚ್ಚಿಟ್ಟ ಯಂತ್ರಕ್ಕೆ ಒಮ್ಮೆಲೇ ಕರೆಂಟು ಕೊಡಬಾರದು. ಒಳಗೆ ಇರುವೆ, ಇಲಿ, ಮಳೆಗಾಲದ ತೇವ ಇರಬಹುದು. ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿನ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿಕೊಂಡರೆ ಸಾಕು. ಆ ಕಾಲದ ಡಿಸ್ಕಿಗೆ 40 ಪಿನ್ನಿನ ಅಗಲವಾದ ಪಟ್ಟಿ ಕೇಬಲ್ ಇರುತ್ತದೆ. ಇದನ್ನು ಐ.ಡಿ.ಇ. ಎನ್ನುತ್ತಾರೆ. ಐ.ಡಿ.ಇ.ಯಿಂದ ಯು.ಎಸ್.ಬಿ.ಗೆ ಜೋಡಿಸುವ ಅಡಾಪ್ಟರ್ ಅಂಗಡಿಗಳಲ್ಲಿ ಸಿಗುತ್ತದೆ. ಡಿಸ್ಕಿಗೆ ಪ್ರತ್ಯೇಕ ಕರೆಂಟು ಕೊಡುವಂಥದ್ದನ್ನೇ ಕೇಳಿ ಪಡೆಯಬೇಕು. ಅದನ್ನು ಈಗಿನ ಕಂಪ್ಯೂಟರಿಗೆ ಸಿಕ್ಕಿಸಿದರೆ, ಡಿಸ್ಕ್ ಕೆಟ್ಟಿಲ್ಲದಿದ್ದಲ್ಲಿ, ಕಡತಗಳು ಕಾಣುತ್ತವೆ. ಹಳೆಯ ಎಕ್ಸೆಲ್ ಕಡತಗಳು ಇಂದಿಗೂ ತೆರೆಯುತ್ತವೆ. ಮೊದಲು ಎಲ್ಲವನ್ನೂ ಎರಡು ಕಡೆ ನಕಲು ಮಾಡಿ, ಆಮೇಲೆ ನೋಡುತ್ತ ಕೂರಿ.

ಕನ್ನಡದಲ್ಲಿ ಬರೆದಿಟ್ಟವರಿಗೆ ಒಂದು ಮಾತು. ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ ಬರೆದ ಟಿಪ್ಪಣಿ ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ. ನಮ್ಮ ಹಿರಿಯ ಸದಸ್ಯರು ಅದನ್ನು ನೋಡಿ, "ಎಲ್ಲ ಹಾಳಾಗಿ ಹೋಯ್ತು" ಎಂದು ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಹಾಳಾಗಿರಲಿಲ್ಲ. ಆ ಬರವಣಿಗೆಯನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತಿಸಿದಾಗ ಹೂಮಳೆ ಎಂದು ಬಂತು, ಬ್ಯಾಕಿಂಗ್ ಮಳೆ ಎಷ್ಟು ಇಂಚು ಎಷ್ಟು ಸೆಂಟ್ಸ್ ಎಂಬುದೆಲ್ಲ 13 ವರ್ಷಗಳದ್ದೂ ಕಂಡಿತು. ಎರಡು ಕಡತಗಳು ಮಾತ್ರ ತೆರೆಯಲಿಲ್ಲ. ಉಳಿದದ್ದು ಅದೇ ಸಂಜೆ ಮಗನಿಗೆ ಹೋಯಿತು.

ಫೈಬರ್ ಬಂದವರಿಗೂ ಅದೇ ಕ್ರಮ

ಹೊಸ ಸಂಪರ್ಕ ಕೆಟ್ಟಾಗಲೂ ಹತ್ತಿರದ ಕೊಂಡಿಯಿಂದಲೇ ಆರಂಭಿಸಿ. ಕರೆಂಟು ಬರುತ್ತಿದೆಯೇ? ಪೆಟ್ಟಿಗೆಯಲ್ಲಿ 'ಪಾನ್' ದೀಪ ಸ್ಥಿರವಾಗಿ ಉರಿಯುತ್ತಿದೆಯೇ? 'ಲಾಸ್' ದೀಪ ಕೆಂಪಾಗಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದು ತಿಳಿದು, ಸೋಗೆ ಬಿದ್ದು ಕೇಬಲ್ ಮುರಿದಿದೆಯೇ, ಮೊಳೆಯ ಬಳಿ ಚೂಪಾಗಿ ಬಾಗಿದೆಯೇ ಎಂದು ನೋಡಿಬನ್ನಿ. ಆ ದೀಪ ಆರಿದ್ದು, 'ಪಾನ್' ಸರಿಯಿದ್ದರೆ ಮಾತ್ರ ವೈಫೈ, ಕಂಪ್ಯೂಟರುಗಳ ಕಡೆ ತಿರುಗಿ. ಫೈಬರ್ ತುಂಡಾದರೆ ನಾವು ಅಂದು ಮಾಡಿದಂತೆ ಕೈಯಿಂದ ತಿರುಚಿ ಗಂಟು ಹಾಕಲು ಬಾರದು. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೂಬಾರದು, ಕಾಣದ ಬೆಳಕು ಕಣ್ಣಿಗೆ ಅಪಾಯ.

ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು ನಿಜ, ಆದರೆ ಕರೆಂಟಿನ ತಂತಿಯಲ್ಲಿ ಬರುತ್ತದೆ. ಮೋಡ ಕಟ್ಟುವಾಗಲೇ ಪ್ಲಗ್ ಕಿತ್ತಿಡಿ. ಗುಡುಗು ತಲೆಯ ಮೇಲೆ ಬಂದ ಬಳಿಕ ತಂತಿ ಮುಟ್ಟಲು ಹೋಗಬೇಡಿ.

ಹಳೆಯ ಡಿಸ್ಕುಗಳಿರುವ ಸದಸ್ಯರು ಅವನ್ನು ಬಟ್ಟೆಯಲ್ಲಿ ಸುತ್ತಿ ಸಂಘದ ಕಚೇರಿಗೆ ತರಬಹುದು. ಅಡಾಪ್ಟರ್ ಒಂದನ್ನು ಕಚೇರಿಯಲ್ಲಿ ಇರಿಸಿದ್ದೇವೆ. ಗುಜರಿಯವರಿಗೆ ಪೆಟ್ಟಿಗೆ ಹಾಕುವ ಮೊದಲು ಒಮ್ಮೆ ನಮ್ಮನ್ನು ಕೇಳಿ. ಪೆಟ್ಟಿಗೆಗೆ ಬೆಲೆಯಿಲ್ಲದಿರಬಹುದು, ಅದರೊಳಗಿನ ಮಳೆಯ ಲೆಕ್ಕವನ್ನು ಮಾತ್ರ ಮತ್ತೆ ಎಲ್ಲಿಂದಲೂ ಕೊಂಡು ತರಲಾಗದು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ