ಅನ್ಯ ವ್ಯವಸ್ಥೆಯಲ್ಲಿ ಕ್ರಮವಿಧಿಯ ನಡೆ: ವೈನ್ ತಂತ್ರಾಂಶವನ್ನು ಕುರಿತು

ಜಾನಪದ ಸಾಮಗ್ರಿಯ ಸೂಚಿಗಳು ಗಣಕಕ್ಕೆ ಏರಿ ದಶಕಗಳೇ ಸಂದಿವೆ. ಅಂತಹ ಸೂಚಿಯನ್ನು ತೆರೆಯುವ ಕ್ರಮವಿಧಿಯು ಹಳೆಯ ವಿಂಡೋಸ್‌ಗಾಗಿ ಬರೆದದ್ದಾಗಿದ್ದು, ಅದರ ಮೂಲಸಂಕೇತವೂ ಬರೆದವರೂ ದೊರೆಯದಿದ್ದಾಗ, ಅದನ್ನು ಲಿನಕ್ಸ್‌ನಲ್ಲಿ ನಡೆಸುವ ಪ್ರಶ್ನೆ ಕೇವಲ ತಾಂತ್ರಿಕವಾಗಿ ಉಳಿಯುವುದಿಲ್ಲ.

ಕಡತ ತೆರೆಯಲು, ಸ್ಮೃತಿ ಪಡೆಯಲು ಕ್ರಮವಿಧಿಯು ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಸಲ್ಲಿಸುವ ಬೇಡಿಕೆಯೇ ಸಿಸ್ಟಂ ಕಾಲ್. 1993ರಲ್ಲಿ ಆರಂಭವಾದ ವೈನ್ ಯೋಜನೆಯು ವಿಂಡೋಸ್ ಕ್ರಮವಿಧಿಯ ಇಂತಹ ಬೇಡಿಕೆಗಳನ್ನು ಲಿನಕ್ಸ್ ಮೊದಲಾದ ವ್ಯವಸ್ಥೆಗಳ ಮೇಲೆ ಪೂರೈಸುತ್ತದೆ. ಬೇಡಿಕೆ ಈಡೇರಿದರೆ ಸಾಲದು. ಈಡೇರಬಾರದ ಕಡೆ ಈಡೇರದಿರುವುದೂ ಅಷ್ಟೇ ಅಗತ್ಯ.

ಒಂದು ನಿದರ್ಶನವನ್ನು ನೋಡಬಹುದು. ಒಬ್ಬರು ತೆರೆದಿಟ್ಟ ಕಡತವನ್ನು ಇನ್ನೊಬ್ಬರು ತೆರೆಯಲು ಅಥವಾ ಅಳಿಸಲು ಹೊರಟರೆ, ಮೊದಲಿನವರು ತೆರೆಯುವಾಗಲೇ ಅದಕ್ಕೆ ಸಮ್ಮತಿಸಿರದಿದ್ದಲ್ಲಿ ವಿಂಡೋಸ್ ನಿರಾಕರಿಸುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಒಪ್ಪಿಬಿಡುತ್ತದೆ: ಅಳಿಸಿದರೆ ಹೆಸರು ಹೋಗುತ್ತದೆ, ತೆರೆದವರು ಮುಚ್ಚುವ ತನಕ ಒಳಗಿನ ಸರಕು ಉಳಿಯುತ್ತದೆ. ಹಳೆಯ ಕ್ರಮವಿಧಿಗಳಲ್ಲಿ ಎಷ್ಟೋ ಈ ನಿರಾಕರಣೆಯನ್ನೇ ಬೀಗವಾಗಿ ಬಳಸಿಕೊಂಡಿವೆ. ಅನುಕರಣೆಯು ಔದಾರ್ಯ ತೋರಿ ಕರೆಯನ್ನು ಸಫಲಗೊಳಿಸಿದರೆ ಇಬ್ಬರೂ ಸೂಚಿಯನ್ನು ತಿದ್ದುತ್ತಾರೆ. ಒಬ್ಬರ ನಮೂದುಗಳು ಸದ್ದಿಲ್ಲದೆ ಅಳಿಯುತ್ತವೆ. ಹಾಡುಗಾರ್ತಿಯ ಹೆಸರು, ಊರು, ಹಾಡಿದ ಸಂದರ್ಭ ಯಾವುದೂ ಮರಳಿ ಸಿಗಲಾರದು. ಆದುದರಿಂದ ವೈನ್‌ನಲ್ಲಿ ವೈನ್‌ಸರ್ವರ್ ಎಂಬ ಪ್ರತ್ಯೇಕ ಪ್ರಕ್ರಿಯೆಯು ಯಾರು ಯಾವ ಕಡತವನ್ನು ಯಾವ ಷರತ್ತಿನ ಮೇಲೆ ತೆರೆದಿದ್ದಾರೆಂಬ ಲೆಕ್ಕವನ್ನಿಡುತ್ತದೆ.

ಈ ನಡೆಗಳೆಲ್ಲ ಕೈಪಿಡಿಗಳಲ್ಲಿ ದಾಖಲಾಗಿಲ್ಲ ಎಂಬುದು ಗಮನಾರ್ಹ. ಮುದ್ರಿತ ಪ್ರಸಂಗವನ್ನಷ್ಟೇ ಓದಿ ಯಕ್ಷಗಾನವನ್ನು ಬಲ್ಲೆನೆನ್ನುವವನ ಪಾಡು ಕೈಪಿಡಿಯನ್ನಷ್ಟೇ ನೆಚ್ಚಿದವನದೂ ಆಗುತ್ತದೆ. ವೈನ್ ಅನುಸರಿಸುವ ವಿಧಾನ ಕ್ಷೇತ್ರಕಾರ್ಯಕ್ಕೆ ಸಮೀಪವಾದುದು. ಪರೀಕ್ಷಾ ಕ್ರಮವಿಧಿಗಳನ್ನು ಬರೆದು ಮೊದಲು ನಿಜವಾದ ವಿಂಡೋಸ್‌ನ ಹಲವು ಆವೃತ್ತಿಗಳ ಮೇಲೆ ಓಡಿಸಿ, ಬಂದ ಉತ್ತರವನ್ನೇ ಪ್ರಮಾಣವೆಂದು ಅಂಗೀಕರಿಸಲಾಗುತ್ತದೆ. ದೋಷಸಂಕೇತವೂ ಆ ಉತ್ತರದ ಭಾಗವೇ. ಮೈಕ್ರೋಸಾಫ್ಟ್‌ನ ಮೂಲಸಂಕೇತವನ್ನು ಕಂಡವರ ಕೊಡುಗೆಯನ್ನು ಯೋಜನೆ ಸ್ವೀಕರಿಸುವುದಿಲ್ಲ.

ಕೆಲವು ಕ್ರಮವಿಧಿಗಳು, ವಿಶೇಷವಾಗಿ ನಕಲುತಡೆಯುಳ್ಳ ಆಟಗಳು, ವಿಂಡೋಸ್ ತಿರುಳನ್ನು ನೇರವಾಗಿ ಕರೆಯುತ್ತವೆ. ಅದೇ ಕರೆಸಂಖ್ಯೆಗೆ ಲಿನಕ್ಸ್‌ನಲ್ಲಿ ಬೇರೆಯೇ ಅರ್ಥ. 2021ರ ಲಿನಕ್ಸ್ 5.11 ಇಂತಹ ಕರೆಗಳನ್ನು ತಡೆದು ಬಳಕೆದಾರ ಪ್ರಕ್ರಿಯೆಗೇ ಒಪ್ಪಿಸುವ ಸೌಲಭ್ಯ ಒದಗಿಸಿತು.

ಮೈಕ್ರೋಸಾಫ್ಟ್ 2016ರಲ್ಲಿ ಇದರ ವಿಲೋಮಕ್ಕೆ ತೊಡಗಿ, ಲಿನಕ್ಸ್ ಕರೆಗಳನ್ನು ವಿಂಡೋಸ್ ತಿರುಳಿನ ಮೇಲೆ ಅನುವಾದಿಸಿತು. ಎಲ್ಲ ಕರೆಗಳನ್ನೂ ಹೊಂದಿಸಲಾಗದೆ 2019ರಲ್ಲಿ ಪ್ರಕಟಿಸಿದ ಎರಡನೆಯ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ತಿರುಳನ್ನೇ ಕಲ್ಪಿತಯಂತ್ರವೊಂದರಲ್ಲಿ ಇರಿಸಿತು. ಅಪಾರ ಸಂಪನ್ಮೂಲವುಳ್ಳ ಸಂಸ್ಥೆಯೇ ಹೀಗೆ ದಾರಿ ಬದಲಿಸಿದ್ದು ಕಾರ್ಯದ ಕಾಠಿಣ್ಯವನ್ನು ಸೂಚಿಸುತ್ತದೆ.

ನಮ್ಮ ಗ್ರಂಥಾಲಯಗಳು ಒಂದು ಮಿತಿಯನ್ನು ಗಮನಿಸಬೇಕು. ವೈನ್‌ಸರ್ವರ್‌ನ ಲೆಕ್ಕ ತನ್ನ ಅಧೀನದ ಕ್ರಮವಿಧಿಗಳಿಗೆ ಮಾತ್ರ ಅನ್ವಯಿಸುತ್ತದೆ. ಜಾಲದ ಮೂಲಕ ಎರಡು ಗಣಕಗಳಿಂದ ಅದೇ ಸೂಚಿಯನ್ನು ತೆರೆದರೆ ಹಳೆಯ ಬೀಗ ಇರುತ್ತದೆಂದು ನಂಬುವಂತಿಲ್ಲ. ಸೂಚಿಯ ಪ್ರತಿಯೊಂದನ್ನು ಮಾಡಿಕೊಂಡು, ಇಬ್ಬರು ಏಕಕಾಲಕ್ಕೆ ತಿದ್ದಿ ನೋಡಿದ ನಂತರವೇ ಮೂಲಕ್ಕೆ ಕೈಯಿಡಬೇಕು.