32 ಕಿಲೋ ತೂಗುವ ಸಂಖ್ಯೆ

13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆಯಿರಿ. ಹೇಳುವುದಕ್ಕೆ ಇಷ್ಟೇ, ಬಸ್ ಟಿಕೆಟಿನ ಬೆನ್ನಿನ ಮೇಲೆ ಬರೆದರೂ ಜಾಗ ಉಳಿಯುತ್ತದೆ. ಬಿಡಿಸಿ ಬರೆಯಹೊರಟರೆ ಮಾತ್ರ 4,10,24,320 ಅಂಕಿ. ಮೊದಲ ಅಂಕಿ 8, ಕೊನೆಯದು 1. 2024ರ ಅಕ್ಟೋಬರ್‌ನಲ್ಲಿ ಇದು ಅವಿಭಾಜ್ಯವೆಂದು ಖಚಿತವಾದಾಗ, ಅಲ್ಲಿಯವರೆಗೆ ಗೊತ್ತಿದ್ದ ಅತಿದೊಡ್ಡ ಅವಿಭಾಜ್ಯಕ್ಕಿಂತ 1,61,62,272 ಅಂಕಿ ಉದ್ದವಿತ್ತು.

ಇದನ್ನು ಜೆರಾಕ್ಸ್ ಅಂಗಡಿಗೆ ಒಯ್ದೆವೆನ್ನಿ. ಸಾಲಿಗೆ 60 ಅಂಕಿ, ಪುಟಕ್ಕೆ 50 ಸಾಲು ಹಿಡಿದರೆ 13,675 ಪುಟ. ಎರಡೂ ಬದಿ ಅಚ್ಚಾದರೆ 6,838 ಹಾಳೆ, ಅಂದರೆ ಸುಮಾರು 14 ರೀಮು. 75 ಜಿಎಸ್‌ಎಂನ ಎ4 ಹಾಳೆಯಾದರೆ ತೂಕ 32 ಕಿಲೋ. ಬದಿಗೆ 2 ರೂಪಾಯಿಯಂತೆ ಬಿಲ್ಲು 27,350 ರೂಪಾಯಿ. ಅದನ್ನೇ ರದ್ದಿಗೆ ಹಾಕಿದರೆ, ಕಿಲೋಗೆ 15 ರೂಪಾಯಿ ಎಂದರೂ, ಕೈಗೆ ಬರುವುದು 480. ಓದಿ ಮುಗಿಸುತ್ತೇನೆ ಎನ್ನುವವರು ಸೆಕೆಂಡಿಗೊಂದು ಅಂಕಿಯಂತೆ ಊಟ ನಿದ್ದೆ ಬಿಟ್ಟು 475 ದಿನ ಕೂರಬೇಕು.

ಇಷ್ಟುದ್ದದ ಸಂಖ್ಯೆಯನ್ನು ಒಂದು ಮತ್ತು ಅದೇ ಸಂಖ್ಯೆಯ ಹೊರತು ಬೇರೆ ಯಾವುದೂ ಭಾಗಿಸುವುದಿಲ್ಲವೆಂದು ತಿಳಿಯುವುದು ಹೇಗೆ? ಒಂದೊಂದರಿಂದಲೇ ಭಾಗಿಸಿ ನೋಡುವ ಮಾತೇ ಇಲ್ಲ. ಲೂಕಾ–ಲೇಮರ್ ಪರೀಕ್ಷೆ ಎಂಬ ಉಪಾಯವಿದೆ. ಚಿಕ್ಕದರಲ್ಲಿ ನೋಡೋಣ: ಏಳು ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದರೆ 127. ನಾಲ್ಕರಿಂದ ಶುರು ಮಾಡಿ, ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಮತ್ತೆ ಅದನ್ನೇ ಮಾಡಿ. 4, 14, 67, 42, 111, 0. ಐದನೇ ಸುತ್ತಿಗೆ ಸೊನ್ನೆ ಬಂತು, 127 ಪಾಸು. ಸುತ್ತುಗಳ ಲೆಕ್ಕ ಏಳಕ್ಕಿಂತ ಎರಡು ಕಡಿಮೆ. ನಮ್ಮ ದೈತ್ಯನಿಗೂ ಇದೇ ನಿಯಮ: 13,62,79,839 ಸುತ್ತು, ಪ್ರತಿ ಸುತ್ತಿನಲ್ಲೂ ಕೋಟಿಗಟ್ಟಲೆ ಅಂಕಿಗಳ ಗುಣಾಕಾರ. ಕೊನೆಗೆ ಸೊನ್ನೆ ಬರದಿದ್ದರೆ ಅಷ್ಟು ಕೆಲಸವೂ ನೀರಿನಲ್ಲಿ ಹೋಮ. (ಹನ್ನೊಂದು ಎರಡುಗಳದ್ದು ಹೀಗೇ ಕೈಕೊಡುತ್ತದೆ: 2,047 ಅಂದರೆ 23×89.)

ಈ ಸೊನ್ನೆಗಾಗಿ ಅಮೆರಿಕದ ಲ್ಯೂಕ್ ಡ್ಯೂರಂಟ್ 17 ದೇಶಗಳಲ್ಲಿ ಸಾವಿರಾರು ಗ್ರಾಫಿಕ್ಸ್ ಚಿಪ್‌ಗಳನ್ನು ಬಾಡಿಗೆಗೆ ಹಿಡಿದರು. ಐರ್ಲೆಂಡಿನ ಡಬ್ಲಿನ್‌ನ ಯಂತ್ರ ಅಕ್ಟೋಬರ್ 11ರಂದು ಸುಳಿವು ಕೊಟ್ಟಿತು, ಮರುದಿನ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಯಂತ್ರ ಖಚಿತಪಡಿಸಿತು. ಡ್ಯೂರಂಟ್ ಕೈಯಿಂದ ಹಾಕಿದ ಹಣ 20 ಲಕ್ಷ ಡಾಲರ್‌ಗೆ ಹತ್ತಿರವೆಂದು ವರದಿಯಾಯಿತು. ಸಿಕ್ಕ ಬಹುಮಾನ 3,000 ಡಾಲರ್. ಅದನ್ನೂ ಅಲಬಾಮಾದ ಒಂದು ಶಾಲೆಯ ಗಣಿತ ವಿಭಾಗಕ್ಕೆ ಕೊಡುವುದಾಗಿ ಹೇಳಿದರು. ರದ್ದಿ ಲೆಕ್ಕದವರಿಗೆ ಇದು ಹುಚ್ಚು. ನನಗೇನೋ ಹಾಗನ್ನಿಸುವುದಿಲ್ಲ, ಜನ ಇದಕ್ಕಿಂತ ಕಡಿಮೆಯದಕ್ಕೆ ಇದಕ್ಕಿಂತ ಹೆಚ್ಚು ಸುರಿಯುತ್ತಾರೆ.

10 ಕೋಟಿ ಅಂಕಿಯ ಅವಿಭಾಜ್ಯವನ್ನು ಮೊದಲು ಹಿಡಿದವರಿಗೆ 1,50,000 ಡಾಲರ್ ಬಹುಮಾನವಿದೆ. ಅದಕ್ಕೆ ಜೆರಾಕ್ಸ್ ಹಾಳೆ 78 ಕಿಲೋ.