ಕಂಬಳಿಯ ಆಯಸ್ಸು

ಚಳಿ ಕಾಲಿಡುತ್ತಿದ್ದಂತೆ ಹುಳಿಯಾರಿನಂಥ ಊರುಗಳ ರಸ್ತೆಬದಿಯಲ್ಲಿ ರಗ್ಗುಗಳ ಅಂಗಡಿ ಏಳುತ್ತವೆ. ಹುಲಿ, ನವಿಲು, ಗುಲಾಬಿ ಹೂವಿನ ಚಿತ್ರಗಳು. ಕೈಯಿಟ್ಟರೆ ಬೆಣ್ಣೆಯಂಥ ಮೃದು. ಇಂಥ ಹೊದಿಕೆಗಳಲ್ಲಿ ಬಹುಪಾಲು ಬರುವುದು ದೂರದ ಹರಿಯಾಣದ ಪಾಣಿಪತ್‌ನಿಂದ. ಅದರ ಪಕ್ಕಕ್ಕೆ ಈ ಸೀಮೆಯದೇ ಆದ ಕರಿಕಂಬಳಿಯೊಂದನ್ನು ಇಟ್ಟು ನೋಡಿ. ಒರಟು, ಭಾರ, ಮೈಗೆ ಚುಚ್ಚುತ್ತದೆ, ಬೆಲೆಯೂ ಹೆಚ್ಚು. ಕೊಳ್ಳುವವರ ಕೈ ಯಾವುದರತ್ತ ಹೋಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಹತ್ತು ವರ್ಷದ ನಂತರ ಎರಡರಲ್ಲಿ ಯಾವುದು ಮನೆಯಲ್ಲಿ ಉಳಿದಿರುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಬೇರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದಕೂಡಲೇ ಎಲ್ಲರ ನೆನಪಿಗೆ ಬರುವುದು ತೆಂಗು, ಕೊಬ್ಬರಿ. ಆದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಹೋಬಳಿ ತೋಟದ ಸೀಮೆ ಮುಗಿದು ಬಯಲು ಸೀಮೆ ತೆರೆದುಕೊಳ್ಳುವ ಜಾಗ. ಇಲ್ಲಿಂದ ಮುಂದೆ ಹಿರಿಯೂರು, ಹೊಸದುರ್ಗ, ಶಿರಾ ದಿಕ್ಕಿಗೆ ಹೋದರೆ ಮಳೆ ಕಡಿಮೆ, ಕುರಿ ಹೆಚ್ಚು. ಕುರುಬರ, ಕಾಡುಗೊಲ್ಲರ ಹಟ್ಟಿಗಳಿರುವುದು ಈ ಬಯಲಿನಲ್ಲಿ. ಮೈಸೂರು ಸಂಸ್ಥಾನದ ಕಾಲದ ಗೆಜೆಟಿಯರ್‌ಗಳು ತುಮಕೂರು ಜಿಲ್ಲೆಯ ಮುಖ್ಯ ಕೈಕಸುಬಿನ ಸರಕುಗಳೆಂದು ಪಟ್ಟಿಮಾಡುವುದು ಒರಟು ಹತ್ತಿಬಟ್ಟೆ, ಕಂಬಳಿ ಮತ್ತು ಹಗ್ಗಗಳನ್ನು. ಅದಕ್ಕೂ ಮೊದಲು, ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕುರಿ ಸಾಕಣೆ, ಕಂಬಳಿ ನೇಯ್ಗೆಗಳ ಬಗ್ಗೆ ಬರೆದುಕೊಂಡಿದ್ದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆತನ ಪ್ರವಾಸ ಕಥನದಲ್ಲಿ ಅದೆಲ್ಲ ಇದೆ.

ಕಂಬಳಿ ಬಾಳಿಕೆ ಬರುವುದೇಕೆ? ಗುಟ್ಟು ಕುರಿಯ ಮೈಮೇಲೆಯೇ ಶುರುವಾಗುತ್ತದೆ. ಇಲ್ಲಿಯದು ದಖನಿ ತಳಿ. ಆಸ್ಟ್ರೇಲಿಯಾದ ಮೆರಿನೊ ಕುರಿಯ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪವಿದ್ದರೆ ದಖನಿ ಕುರಿಯದು 30ಕ್ಕೂ ಮೇಲೆ. ಅಂದರೆ ಸ್ವೆಟರಿಗೆ ಲಾಯಕ್ಕಿಲ್ಲ. ಮೈಗೆ ಚುಚ್ಚುವುದು ಇದೇ ದಪ್ಪ ಎಳೆ. ಮುಳ್ಳುಬೇಲಿಗೆ ತಾಗಿದರೂ, ಕಲ್ಲುನೆಲದ ಮೇಲೆ ವರ್ಷಗಟ್ಟಲೆ ಹಾಸಿದರೂ ಸವೆಯದಿರುವುದೂ ಇದೇ ಎಳೆ. ಕಂಬಳಿಯ ದೋಷವೂ ಗುಣವೂ ಒಂದೇ ಕೂದಲಿನಲ್ಲಿದೆ ಎನ್ನಬಹುದು. ಕಂಬಳಿಯಲ್ಲಿ ಕೂತು ಉಣ್ಣುತ್ತಾ ಕೂದಲು ಬಂತು ಎಂದಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಕುರಿಯ ತುಪ್ಪಟವನ್ನು ಸಾಮಾನ್ಯವಾಗಿ ವರ್ಷಕ್ಕೆರಡು ಬಾರಿ ಕತ್ತರಿಸುತ್ತಾರೆ. ಮೊದಲು ಕುರಿಗಳನ್ನು ಕೆರೆಯಲ್ಲೋ ಹಳ್ಳದಲ್ಲೋ ಮೈತೊಳೆದು, ಒಣಗಿಸಿ, ಕಾಲು ಕಟ್ಟಿ ಮಲಗಿಸಿ ಕತ್ತರಿ ಆಡಿಸುವುದು. ಮರಿಯ ಮೊದಲ ತುಪ್ಪಟ ಮೃದು. ಅದಕ್ಕೆ ಬೇಡಿಕೆಯೂ ಹೆಚ್ಚು. ಒಂದು ಕುರಿಯಿಂದ ವರ್ಷಕ್ಕೆ ಸಿಗುವುದು ಒಂದು ಕಿಲೋಗೂ ಕಡಿಮೆ. ಹೀಗಾಗಿ ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಬೇಕು. ಕಪ್ಪು, ಬಿಳಿ, ಕಂದು ಎಂದು ಬೇರೆ ಬೇರೆ ಮಾಡಿ, ಬಿಲ್ಲಿನಲ್ಲಿ ಹಿಂಜಿ, ನೂಲು ತೆಗೆಯಬೇಕು. ನೂಲುವುದು ಹೆಚ್ಚಾಗಿ ಹೆಂಗಸರ ಕೆಲಸ, ನೇಯುವುದು ಗಂಡಸರದು. ಕರಿಕಂಬಳಿಯ ಕಪ್ಪು ಬಣ್ಣ ಹಾಕಿ ಬಂದದ್ದಲ್ಲ, ಹುಟ್ಟಿದ್ದು. ಅದು ಒಗೆದರೆ ಹೋಗುವುದಿಲ್ಲ.

ಮಗ್ಗಕ್ಕೆ ಏರಿಸುವ ಮುನ್ನ ಹಾಸುನೂಲನ್ನು ಉದ್ದಕ್ಕೆ ಬಿಗಿದು ಕಟ್ಟಿ ಅದಕ್ಕೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಇದು ಕಂಬಳಿಯ ಕಥೆಯಲ್ಲಿ ಬಹಳ ಸ್ವಾರಸ್ಯದ ಭಾಗ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದರೆ ಅಂಟಂಟಾದ ಗಂಜಿ ಬರುತ್ತದೆ. ದೊಡ್ಡ ಕುಂಚದಲ್ಲಿ ಅದನ್ನು ನೂಲಿಗೆ ತೀಡಿದಾಗ ಹೊರಕ್ಕೆ ಚಾಚಿದ ಕೂದಲೆಲ್ಲ ಎಳೆಗೆ ಅಂಟಿಕೊಳ್ಳುತ್ತದೆ. ನೂಲು ಗಟ್ಟಿಯಾಗಿ, ಮಗ್ಗದ ಎಳೆದಾಟಕ್ಕೆ ಕಡಿಯದೆ ನಿಲ್ಲುತ್ತದೆ. ಸೆಣಬಿನ ಮಿಲ್ಲು, ಬಟ್ಟೆ ಮಿಲ್ಲುಗಳು ಕೂಡ ಇದೇ ಹುಣಸೆಬೀಜದ ಪುಡಿಯನ್ನು ಗಂಜಿಗಾಗಿ ಬಳಸಿದ್ದುಂಟು. ಬೇಳೆ ಸಾರಿಗೆ ಹುಳಿ ಹಿಂಡಿ ಬೀಜವನ್ನು ತಿಪ್ಪೆಗೆ ಎಸೆಯುವ ನಮಗೆ ಅದರ ಈ ಶಕ್ತಿ ಹೊಳೆಯುವುದಿಲ್ಲ.

ಹೊಸ ಕಂಬಳಿ ತಗಡಿನಂತೆ ಸೆಟೆದುಕೊಂಡಿರಲು ಕಾರಣ ಈ ಗಂಜಿಯೇ. ಗಂಜಿ ಮತ್ತು ಉಣ್ಣೆಯಲ್ಲಿ ಉಳಿದಿರುವ ಜಿಡ್ಡು ಎರಡೂ ಸೇರಿ ಸಣ್ಣ ಮಳೆಯನ್ನು ಹೊರಗೇ ತಡೆಯುತ್ತವೆ. ಎರಡು ಮೂಲೆ ಜೋಡಿಸಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ನಿಲ್ಲುವ ಕುರಿಗಾಹಿಗೆ ಅದೇ ಛತ್ರಿ, ಅದೇ ಕೋಟು. ಮಳೆ ಜೋರಾಗಿ ಕಂಬಳಿ ನೆನೆದರೂ ಒಳಗಿರುವವನಿಗೆ ಚಳಿ ಹತ್ತುವುದು ನಿಧಾನ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸದು. ತೇವ ಎಳೆದುಕೊಳ್ಳುವಾಗ ಸ್ವಲ್ಪ ಶಾಖವನ್ನೂ ಹೊರಬಿಡುತ್ತದೆ. ಇನ್ನೊಂದು ಅನುಕೂಲ ಬೆಂಕಿಯದು. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಕರಗಿ ಮೈಗೆ ಅಂಟುವುದಿಲ್ಲ. ರಾತ್ರಿ ಮಂದೆಯ ಪಕ್ಕದಲ್ಲಿ ಬೆಂಕಿ ಹಾಕಿಕೊಂಡು ಮಲಗುವವರಿಗೆ ಇದು ಸಣ್ಣ ಸಂಗತಿಯಲ್ಲ.

ಕಂಬಳಿ ಕೊಳ್ಳುವವರು ಏನು ನೋಡಬೇಕು? ಮೊದಲು ಬಿಸಿಲಿಗೆ ಹಿಡಿದು ನೋಡಬೇಕು. ನೇಯ್ಗೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳುವಾಗಿದ್ದರೆ ತೆಳುವಾದಲ್ಲೇ ಮೊದಲು ಹರಿಯುತ್ತದೆ. ಅಂಚು ನೆಟ್ಟಗಿರಬೇಕು, ತುದಿಯ ಎಳೆಗಳನ್ನು ಬಿಗಿಯಾಗಿ ಗಂಟು ಹಾಕಿರಬೇಕು. ಒದ್ದೆ ಬಿಳಿಬಟ್ಟೆಯಿಂದ ಉಜ್ಜಿದಾಗ ಕಪ್ಪು ಬಿಟ್ಟರೆ ಅದು ಬಣ್ಣ. ಇವೆಲ್ಲಕ್ಕಿಂತ ಖಚಿತವಾದದ್ದು ಬೆಂಕಿಕಡ್ಡಿ ಪರೀಕ್ಷೆ. ತುದಿಯಿಂದ ಒಂದು ಎಳೆ ಕಿತ್ತು ಹಚ್ಚಬೇಕು. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಹೊಸಕಿದರೆ ಪುಡಿಯಾದರೆ ಅದು ಉಣ್ಣೆ. ಕರಗಿ ಗಟ್ಟಿ ಮಣಿಯಂತೆ ಉಳಿದರೆ ಅದು ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಹಾಸು ಒಂದು ನೂಲು, ಹೊಕ್ಕು ಇನ್ನೊಂದು ನೂಲು ಇರುವ ಬೆರಕೆಯೂ ಇರಬಹುದಾದ್ದರಿಂದ ಎರಡು ಕಡೆಯ ಎಳೆಯನ್ನೂ ನೋಡುವುದು ಜಾಣತನ.

ಕೊಂಡ ಮೇಲೆ ಅದನ್ನು ಕೆಡಿಸುವುದು ಹೆಚ್ಚಾಗಿ ನಮ್ಮ ಶುಚಿತ್ವದ ಉತ್ಸಾಹ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರು, ಸೋಪು, ಕುಕ್ಕುವಿಕೆ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗಿ ಜಮಖಾನೆಯಂತೆ ಗಟ್ಟಿಯಾಗುತ್ತದೆ. ವಾಷಿಂಗ್ ಮೆಷಿನ್ನಿಗೆ ಹಾಕಿದರಂತೂ ಅದರ ಕಥೆ ಮುಗಿದಂತೆ. ಕೊಡವಿ ಬಿಸಿಲಿಗೆ ಹಾಕುವುದು, ಎಂದೋ ಒಮ್ಮೆ ತಣ್ಣೀರಿನಲ್ಲಿ ಅದ್ದಿ ತೆಗೆಯುವುದು, ಇಷ್ಟು ಸಾಕು. ನಿಜವಾದ ಶತ್ರು ನುಸಿ. ಅದರ ಮರಿಹುಳುಗಳು ಉಣ್ಣೆಯನ್ನೇ ತಿಂದು ಬದುಕುತ್ತವೆ, ಅದೂ ಕತ್ತಲಲ್ಲಿ ಮಡಿಸಿಟ್ಟ ಕಂಬಳಿಯನ್ನು. ದಿನವೂ ಹೊದೆಯುವ ಕಂಬಳಿಗೆ ನುಸಿ ಹಿಡಿಯುವುದು ಅಪರೂಪ. ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟದ್ದೇ ತೂತಾಗುತ್ತದೆ.

ಹರಿದರೆ ಹೊಲಿಯುವುದಕ್ಕೂ ಒಂದು ಕ್ರಮವಿದೆ. ದಬ್ಬಳಕ್ಕೆ ಉಣ್ಣೆಯ ನೂಲನ್ನೇ ಪೋಣಿಸಬೇಕು. ನೈಲಾನ್ ದಾರ ಗಟ್ಟಿ ಎಂದು ಅದರಲ್ಲಿ ಹೊಲಿದರೆ ಹೊಲಿಗೆ ಉಳಿಯುತ್ತದೆ, ಆದರೆ ಆ ದಾರವೇ ಸುತ್ತಲಿನ ಉಣ್ಣೆಯನ್ನು ಕೊಯ್ಯುತ್ತದೆ. ತೇಪೆ ಯಾವತ್ತೂ ಮೂಲ ಬಟ್ಟೆಗಿಂತ ಬಿರುಸಾಗಿರಬಾರದು. ಹರಿಯುವ ಮೊದಲೇ, ಎಳೆ ಸಡಿಲವಾದಾಗಲೇ, ಹಾಸಿನಂತೆ ಉದ್ದಕ್ಕೂ ಹೊಕ್ಕಿನಂತೆ ಅಡ್ಡಕ್ಕೂ ನೂಲು ಓಡಿಸಿದರೆ ದುರಸ್ತಿ ಮಾಡಿದ್ದು ಗೊತ್ತೂ ಆಗದು. ಅಷ್ಟರ ಮೇಲೂ ಹೊದೆಯಲಾಗದಷ್ಟು ಸವೆದರೆ ಅದು ಹಾಸಿಗೆಯ ಅಡಿಗೆ ಹೋಗುತ್ತದೆ. ಅಲ್ಲಿಂದ ಕಣಕ್ಕೆ, ಎತ್ತಿನ ಬೆನ್ನಿಗೆ, ಕೊನೆಗೆ ಬಾಗಿಲ ಮುಂದೆ.

ಇನ್ನು ಪಾಣಿಪತ್. ಅಲ್ಲಿಯ ಕಾರ್ಖಾನೆಗಳು ದಶಕಗಳ ಕಾಲ ಬದುಕಿದ್ದು ಅಮೆರಿಕ, ಯೂರೋಪುಗಳಲ್ಲಿ ಜನ ತೊಟ್ಟು ಬಿಸಾಡಿದ ಉಣ್ಣೆಬಟ್ಟೆಗಳ ಮೇಲೆ. ಹಡಗಿನಲ್ಲಿ ಬಂದ ಕೋಟು, ಸ್ವೆಟರುಗಳನ್ನು ಯಂತ್ರದಲ್ಲಿ ಚಿಂದಿ ಮಾಡಿ, ಮತ್ತೆ ನೂಲು ತೆಗೆದು, ರಗ್ಗು ನೇಯುವುದು. ಈ ವಿದ್ಯೆ ಹುಟ್ಟಿದ್ದು ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನಲ್ಲಿ, 1813ರಲ್ಲಿ ಬೆಂಜಮಿನ್ ಲಾ ಎಂಬಾತನಿಂದ. ಆ ಬಟ್ಟೆಯ ಹೆಸರು ‘ಶಾಡಿ’. ಇಂಗ್ಲಿಷಿನಲ್ಲಿ ಕಳಪೆ ಎಂಬ ಅರ್ಥಕ್ಕೆ ಮುಂದೆ ಅದೇ ಪದ ನಿಂತಿತು. ಹಾಗೆಂದು ಹಳಿಯುವಂತಿಲ್ಲ. ಎಸೆದದ್ದನ್ನು ಮತ್ತೆ ಬಳಸುವುದು ಒಳ್ಳೆಯದೇ, ಬಡವರ ಮೈ ಬೆಚ್ಚಗಾದದ್ದೂ ಅದರಿಂದಲೇ. ಆದರೆ ಚಿಂದಿ ಮಾಡುವಾಗ ಎಳೆಗಳು ತುಂಡಾಗುತ್ತವೆ. ಗಿಡ್ಡ ಎಳೆಯ ನೂಲು ಬೇಗ ಉದುರುತ್ತದೆ. ಈಚಿನ ವರ್ಷಗಳಲ್ಲಂತೂ ಪಾಣಿಪತ್ ಪಾಲಿಯೆಸ್ಟರ್ ಹೊದಿಕೆಗಳಿಗೆ ತಿರುಗಿಕೊಂಡಿದೆ.

ರಗ್ಗು ಬಂದದ್ದರಿಂದಲೇ ಕಂಬಳಿ ಹಿಂದೆ ಸರಿಯಿತು ಎಂದರೆ ಅರ್ಧ ಸತ್ಯ. ಕುರಿ ಕಡಿಮೆಯಾಗಿ ಉಣ್ಣೆ ಇಲ್ಲವಾಯಿತು ಎಂದರೆ ಅದು ಅಷ್ಟೂ ಅಲ್ಲ. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 96 ಲಕ್ಷ ಕುರಿಗಳಿದ್ದವು, 2019ರಲ್ಲಿ 1 ಕೋಟಿ 10 ಲಕ್ಷ ದಾಟಿದ್ದವು. ಕುರಿ ಹೆಚ್ಚಿದೆ, ಕಂಬಳಿ ಕಡಿಮೆಯಾಗಿದೆ. ಕುರಿ ಸಾಕುವುದು ಈಗ ಮಾಂಸಕ್ಕೆ. ಬೇಗ ತೂಕ ಬರುವ, ಮೈಮೇಲೆ ಉಣ್ಣೆಯಿಲ್ಲದ ತಳಿಗಳನ್ನು ರೈತರು ಬಯಸುತ್ತಾರೆ. ದಖನಿ ಕುರಿ ಇಟ್ಟುಕೊಂಡವರಿಗೂ ತುಪ್ಪಟ ಕತ್ತರಿಸುವ ಕೂಲಿ ತುಪ್ಪಟದ ಬೆಲೆಯನ್ನೇ ಮೀರುತ್ತದೆ. ಬೇಸಿಗೆಯಲ್ಲಿ ಕುರಿಗೆ ಸೆಕೆಯಾಗದಿರಲೆಂದು ಕತ್ತರಿಸಿ, ಉಣ್ಣೆಯನ್ನು ಹೊಲದಲ್ಲೇ ಬಿಟ್ಟುಹೋಗುವುದೂ ಉಂಟು. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಹೆಸರಿನಲ್ಲಿ ಉಣ್ಣೆ ಇದೆ; ಕುರಿ ಸಾಕುವವರ ಲೆಕ್ಕದ ಪುಸ್ತಕದಲ್ಲಿ ಇಲ್ಲ.

ತುಪ್ಪಟದ ಜೊತೆಗೇ ನೂಲುವ ಕೈಯೂ ಹೋಗುತ್ತಿದೆ. ದಿನವಿಡೀ ನೂತರೆ ಸಿಗುವುದಕ್ಕಿಂತ ತೆಂಗಿನ ತೋಟದ ಕೂಲಿ ಮೇಲು. ಕೈನೂಲು ಇಲ್ಲವಾದರೆ ಹರಿದ ಕಂಬಳಿಗೆ ಹೊಲಿಯಲು ಹೊಂದುವ ದಾರವೂ ಸಿಗುವುದಿಲ್ಲ. ಮನೆಯಲ್ಲಿರುವ ಹಳೆಯ ಕಂಬಳಿಯ ಆಯಸ್ಸೂ ಮೊಟಕಾಗುವುದು ಹೀಗೆ.

ಹಾಗಿದ್ದೂ ಕಂಬಳಿಗೆ ಗಿರಾಕಿಗಳು ಪೂರ್ತಿ ಇಲ್ಲವಾಗಿಲ್ಲ. ಮದುವೆಯ ಹಸೆಗೆ, ದೇವರ ಗದ್ದುಗೆಗೆ, ಬೀರಪ್ಪನ ಪೂಜೆಗೆ, ಗಣ್ಯರ ಸನ್ಮಾನದ ವೇದಿಕೆಗೆ ಕಂಬಳಿಯೇ ಬೇಕು. ಆದರೆ ಒಂದು ದಿನದ ಶಾಸ್ತ್ರಕ್ಕೆ ಕೊಳ್ಳುವವರು ಬಾಳಿಕೆ ನೋಡುವುದಿಲ್ಲ, ಅಗಲ ನೋಡುವುದಿಲ್ಲ. ಕಪ್ಪಗಿದ್ದರೆ ಆಯಿತು. ಅದಕ್ಕೆ ತಕ್ಕಂತೆ ಮಾರುಕಟ್ಟೆಗೆ ಚಿಕ್ಕ ಅಳತೆಯ, ತೆಳುವಾದ, ಬೆರಕೆ ನೂಲಿನ ಕಂಬಳಿಗಳು ಬಂದಿವೆ. ಬೆಂಕಿಕಡ್ಡಿ ಗೀರಿ ನೋಡಿದರೆ ಇವುಗಳಲ್ಲಿ ಕೆಲವು ಗಟ್ಟಿ ಮಣಿಯಾಗಿ ಉಳಿಯುತ್ತವೆ.